ಹೋಯ್ತಾ?

ಅಕ್ಕನ ಮೊಮ್ಮಗಳು ಬೇಸಿಗೆ ರಜಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ಮೊನ್ನೆ ಮಧ್ಯಾಹ್ನ ಟಿ.ವಿ.ಯಲ್ಲಿ ‘ಆಪ್ತಮಿತ್ರ’ ಬರುತ್ತಿತ್ತು. ಬೀಗ ಹಾಕಿದ ಕೋಣೆಯ ಸುದ್ದಿ ಶುರುವಾಗಿದ್ದೇ ತಡ, ಹುಡುಗಿ ಜರುಗಿ ಜರುಗಿ ಬಂದು ನನ್ನ ತೊಡೆಯ ಮೇಲೆ ಮುಖ ಒತ್ತಿ ಮಲಗಿದಳು. ಗೆಜ್ಜೆಯ ಸದ್ದು ಬಂತು. ‘ಚಿಕ್ಕಜ್ಜಿ, ಹೋಯ್ತಾ?’ ಅಂದಳು. ‘ಇನ್ನೂ ಇಲ್ಲ’ ಅಂದೆ. ‘ಈಗ ಏನ್ಮಾಡ್ತಿದಾಳೆ?’ ‘ನಡೀತಿದಾಳೆ.’ ‘ಎಲ್ಲಿಗೆ?’ ‘ಬಾಗಿಲ ಹತ್ರ.’ ‘ಈಗ ಹೋಯ್ತಾ?’

ರಿಮೋಟು ಅವಳ ಪಕ್ಕದಲ್ಲೇ ಬಿದ್ದಿತ್ತು. ಚಾನೆಲ್ ಬದಲಿಸು ಅಂದರೆ ಬೇಡವಂತೆ. ನೋಡಲು ಆಗುವುದಿಲ್ಲ, ಗೊತ್ತಾಗದೆ ಇರಲೂ ಆಗುವುದಿಲ್ಲ. ಹಾಗಾಗಿ ನಾನು ಅವಳ ಕಣ್ಣಾಗಿ ಕೂತು, ಪರದೆಯ ಮೇಲೆ ಆಗುತ್ತಿರುವುದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದೆ. ಈಚಿನ ದಿನಗಳಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ. ಒಂದು ಮಗು ತನ್ನ ಕಣ್ಣು ಮುಚ್ಚಿಕೊಂಡು ಇಡೀ ಸಿನಿಮಾವನ್ನು ನಮ್ಮ ಮಾತಿನ ಮೇಲೆ ನಂಬಿ ಬಿಟ್ಟುಬಿಡುವುದಿದೆಯಲ್ಲ, ಅಷ್ಟು ನಂಬಿಕೆ ದೊಡ್ಡವರ ನಡುವೆ ಎಲ್ಲಿ ಸಿಗುತ್ತದೆ?

ಚಿಕ್ಕಂದಿನಲ್ಲಿ ಇದೇ ‘ಹೋಯ್ತಾ?’ ಪ್ರಶ್ನೆಯನ್ನು ನಾನು ಅಕ್ಕನನ್ನು, ಅಂದರೆ ಈ ಹುಡುಗಿಯ ಅಜ್ಜಿಯನ್ನು, ಕೇಳುತ್ತಿದ್ದೆ. ನಮ್ಮೂರಿನ ಸಿನಿಮಾ ಟೆಂಟು ಊರಾಚೆ ರೈಸ್‌ಮಿಲ್ಲಿನ ಪಕ್ಕದ ಬಯಲಿನಲ್ಲಿತ್ತು. ಸಂಜೆ ಲೌಡ್‌ಸ್ಪೀಕರಿನಲ್ಲಿ ‘ನಮೋ ವೆಂಕಟೇಶ’ ರೆಕಾರ್ಡು ಹಾಕಿದರು ಅಂದರೆ ಟಿಕೆಟ್ಟು ಕೊಡಲು ಶುರುಮಾಡಿದರು ಅಂತ ಅರ್ಥ. ಅಮ್ಮ ಅಡುಗೆಮನೆಯಲ್ಲಿ ಸರಸರ ಮುದ್ದೆ ತೊಳಸುತ್ತಿದ್ದರು. ಚಿಕ್ಕಪ್ಪ ಟಾರ್ಚಿನ ಸೆಲ್ಲು ಒತ್ತಿ ನೋಡುತ್ತಿದ್ದರು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಮೋಟುಗೋಡೆ. ಹಿಂದೆ ಕುರ್ಚಿ, ಮಧ್ಯೆ ಬೆಂಚು, ಮುಂದೆ ನೆಲ. ನಮ್ಮದು ಯಾವಾಗಲೂ ನೆಲ. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಎದುರಿಗಿದ್ದವರ ತಲೆ ಅಡ್ಡ ಬರುತ್ತಿರಲಿಲ್ಲ.

ನಮ್ಮ ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. 20 ನಿಮಿಷಕ್ಕೋ ಏನೋ ಒಂದು ಸುರುಳಿ ಮುಗಿದು, ಲೈಟು ಹತ್ತಿ, ಇನ್ನೊಂದು ಸುರುಳಿ ಏರಿಸುವವರೆಗೆ ಕಾಯಬೇಕು. ಪೇಟೆಯಿಂದ ಬಂದ ನೆಂಟರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದರು. ನಮಗೆ ಅದರ ಬೆಲೆ ಗೊತ್ತಿತ್ತು. ದೆವ್ವ ಬಾಗಿಲ ಹತ್ತಿರ ಬಂದ ಹೊತ್ತಿಗೆ ಸರಿಯಾಗಿ ಸುರುಳಿ ಮುಗಿದು, ಹಳದಿ ಬಲ್ಬಿನ ಬೆಳಕಿನಲ್ಲಿ ಎಲ್ಲರ ಮುಖ ಕಂಡು, ಕಡ್ಲೆಕಾಯಿ ಮಾರುವ ಹುಡುಗ ನಡುವೆ ನುಗ್ಗಿ ಬಂದಾಗ ಆಗುವ ಹಗುರವನ್ನು ಆಮೇಲೆ ಯಾವ ದೊಡ್ಡ ಥಿಯೇಟರಿನಲ್ಲೂ ನಾನು ಅನುಭವಿಸಿಲ್ಲ. ಇನ್ನೊಂದು ಸಂಗತಿಯಿತ್ತು. ಆ ಪ್ರೊಜೆಕ್ಟರಿನೊಳಗೆ ಉರಿಯುತ್ತಿದ್ದದ್ದು ಕಾರ್ಬನ್ ಕಡ್ಡಿಗಳು. ಅವು ಉರಿದು ಸವೆದಂತೆ ಆಪರೇಟರು ಹತ್ತಿರ ಸರಿಸುತ್ತಿರಬೇಕು. ಅವರು ಬೀಡಿ ಸೇದಲು ಹೊರಗೆ ಹೋದರೆ ಪರದೆ ಮೆಲ್ಲಗೆ ಮಂಕಾಗುತ್ತಿತ್ತು. ಮದುವೆ ದೃಶ್ಯ ಮಂಕಾದರೆ ನೆಲದಿಂದ ಸಿಳ್ಳೆ ಏಳುತ್ತಿತ್ತು. ಸ್ಮಶಾನದ ದೃಶ್ಯ ಮಂಕಾದರೆ ಒಬ್ಬರೂ ಸಿಳ್ಳೆ ಹಾಕುತ್ತಿರಲಿಲ್ಲ.

‘ನಾ ನಿನ್ನ ಬಿಡಲಾರೆ’ ಬಂದದ್ದು ಆ ಟೆಂಟಿಗೆ. ಸಿನಿಮಾ 1979ರದು. ನಮ್ಮೂರಿಗೆ ಬರುವ ಹೊತ್ತಿಗೆ ಪ್ರಿಂಟು ಎಷ್ಟೋ ಊರು ಸುತ್ತಿ ಸವೆದು, ಪರದೆಯ ಮೇಲೆ ಸದಾ ಮಳೆ ಹುಯ್ಯುತ್ತಿತ್ತು. ಪಂಚಾಯ್ತಿ ಕಟ್ಟೆಯ ಗೋಡೆಗೆ ಅಂಟಿಸಿದ ಪೋಸ್ಟರನ್ನು ಓದಿಕೊಂಡೇ ನಾವು ಸ್ಕೂಲಿಗೆ ಹೋಗುತ್ತಿದ್ದೆವು, ಓದಿಕೊಂಡೇ ವಾಪಸು ಬರುತ್ತಿದ್ದೆವು. ಅನಂತನಾಗ್ ಮೈಮೇಲೆ ಕಾಮಿನಿ ಅನ್ನುವವಳ ಪ್ರೇತ ಬರುತ್ತದೆ. ಅಷ್ಟು ಸುಂದರವಾದ, ಅಷ್ಟು ಮೆತ್ತಗೆ ಮಾತಾಡುವ ಮನುಷ್ಯ, ಎಲ್ಲರ ಮನೆಯ ಅಳಿಯನಂತಿದ್ದವನು, ಇದ್ದಕ್ಕಿದ್ದಂತೆ ಹೆಣ್ಣಿನ ದನಿಯಲ್ಲಿ ನಗುತ್ತಾನೆ. ಬಿಳಿ ಸೀರೆಯ, ಕೂದಲು ಬಿಚ್ಚಿದ ದೆವ್ವ ಬೇರೆ ಸಿನಿಮಾಗಳಲ್ಲೂ ಇತ್ತು. ಅದು ಮರದಲ್ಲಿರುತ್ತಿತ್ತು, ಪಾಳು ಬಂಗಲೆಯಲ್ಲಿರುತ್ತಿತ್ತು. ನಾವು ಅಲ್ಲಿಗೆ ಹೋಗದಿದ್ದರಾಯಿತು. ಇದು ಮನೆಯೊಳಗೆ, ಊಟಕ್ಕೆ ಪಕ್ಕದ ಎಲೆಯಲ್ಲಿ ಕೂರುವವನ ಒಳಗೆ ಇತ್ತು. ಅಕ್ಕ ನನ್ನ ಕಣ್ಣಿನ ಮೇಲೆ ಕೈ ಇಟ್ಟು, ತಾನು ಮಾತ್ರ ರೆಪ್ಪೆ ಹೊಡೆಯದೆ ನೋಡುತ್ತಾ, ‘ಹೋಯ್ತು, ಕಣ್ಣು ಬಿಡು’ ಅಂದಳು. ಬಿಟ್ಟೆ. ಹೋಗಿರಲಿಲ್ಲ. ಅವಳಿಗೆ ಜೊತೆ ಬೇಕಿತ್ತು, ಅಷ್ಟೆ. ಅವಳೂ ಆಗ ನನಗಿಂತ ನಾಲ್ಕು ವರ್ಷ ದೊಡ್ಡವಳು ಮಾತ್ರ.

ಆ ಸಿನಿಮಾಕ್ಕೆ ಕೊನೆಯಲ್ಲಿ ಮಂತ್ರಾಲಯವಿದೆ. ರಾಯರು ಕಾಪಾಡುತ್ತಾರೆ. ಹೆಂಗಸರ ಕಡೆ ನಾಲ್ಕಾರು ಜನ ಕೈಮುಗಿದು ಎದ್ದು ನಿಂತರು. ಪರದೆಯ ಮೇಲಿನ ದೆವ್ವ ಅಲ್ಲಿಗೆ ಹೋಯಿತು ನಿಜ, ಆದರೆ ನಮಗೆ ಮನೆಯವರೆಗೆ ನಡೆಯುವುದು ಬಾಕಿ ಇತ್ತು. ಸೆಕೆಂಡ್ ಶೋ ಬಿಟ್ಟಾಗ ಒಂದೂವರೆ ಗಂಟೆಯ ಮೇಲೆ. ರೈಸ್‌ಮಿಲ್ಲು ದಾಟಿದರೆ ಹುಣಸೆಮರ, ಆಮೇಲೆ ಹಾಳುಬಾವಿ, ಆಮೇಲೆ ಕಲ್ಲುಮಂಟಪ. ಹಗಲಲ್ಲಿ ಅದೇ ಹುಣಸೆಮರಕ್ಕೆ ಕಲ್ಲು ಹೊಡೆದು ಕಾಯಿ ಉದುರಿಸಿದವರು ನಾವು. ರಾತ್ರಿ ಅದರ ಪರಿಚಯವೇ ನಮಗಿರಲಿಲ್ಲ. ಚಿಕ್ಕಪ್ಪನ ಟಾರ್ಚಿನ ಬೆಳಕು ಮುಂದೆ, ಅಮ್ಮನ ಬಳೆಯ ಸದ್ದು ಹಿಂದೆ, ನಡುವೆ ನಾವು. ಕೊನೆಯಲ್ಲಿ ನಡೆಯುವವರ ಬೆನ್ನಿನ ಹಿಂದೆ ಯಾರೂ ಇರುವುದಿಲ್ಲ ಅನ್ನುವುದನ್ನು ನಾನು ಕಂಡುಕೊಂಡದ್ದು ಆ ದಾರಿಯಲ್ಲಿ. ಆ ಜಾಗದಲ್ಲಿ ಅಮ್ಮ ಯಾವಾಗಲೂ ತಾವೇ ನಡೆಯುತ್ತಿದ್ದರು. ಅಮ್ಮನಿಗೆ ಭಯವಾಗುತ್ತಿತ್ತೋ ಇಲ್ಲವೋ ಅಂತ ಕೇಳುವ ಬುದ್ಧಿ ನಮಗೆ ಬರುವ ಹೊತ್ತಿಗೆ ಟೆಂಟೂ ಹೋಗಿತ್ತು, ರೈಸ್‌ಮಿಲ್ಲೂ ನಿಂತಿತ್ತು.

ಮನೆಯಲ್ಲಿ ಅಜ್ಜಿ ಎಚ್ಚರವಾಗಿರುತ್ತಿದ್ದರು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಉಪ್ಪು, ಮೆಣಸಿನಕಾಯಿ ಹಿಡಿದು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ನಾನು ನಿದ್ದೆಯಲ್ಲಿ ಬೆಚ್ಚುತ್ತೇನೆಂದು ದಿಂಬಿನ ಕೆಳಗೆ ತಮ್ಮ ಅಡಕತ್ತರಿ ಇಡುತ್ತಿದ್ದರು. ಕಬ್ಬಿಣ ಇದ್ದ ಕಡೆ ಅವು ಬರುವುದಿಲ್ಲವಂತೆ. ‘ಮಕ್ಕಳನ್ನ ಯಾಕೆ ಇಂಥದ್ದಕ್ಕೆ ಕರ್ಕೊಂಡು ಹೋಗ್ತೀರೋ’ ಅಂತ ಗೊಣಗುತ್ತಾ, ‘ಆಮೇಲೆ ಅವನಿಗೆ ವಾಸಿಯಾಯ್ತೇನೆ?’ ಅಂತ ಕತೆಯನ್ನೂ ಕೇಳುತ್ತಿದ್ದರು. ಮಂತ್ರಾಲಯಕ್ಕೆ ಹೋದರಂತೆ ಅಂದಾಗ ಅಜ್ಜಿಗೆ ಸಮಾಧಾನ.

ಅನಂತನಾಗ್ ವಿಷಯದಲ್ಲಿ ನನಗೆ ಸಮಾಧಾನವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. 1983ರಲ್ಲಿ ‘ಭಕ್ತ ಪ್ರಹ್ಲಾದ’ ಬಂತು. ಅದರಲ್ಲಿ ಅವರು ನಾರದ. ಪರದೆಯ ಮೇಲೆ ಅವರ ಮುಖ ಕಂಡೊಡನೆ ನನ್ನ ಕೈ ತಾನಾಗಿ ಅಕ್ಕನ ಸೆರಗು ಹುಡುಕಿತು. ಆಗ ಅವಳು ಲಂಗ ದಾವಣಿ ಉಡುತ್ತಿದ್ದಳು. ತಂಬೂರಿ ಹಿಡಿದು ನಗುತ್ತಿರುವ ನಾರದ ಯಾವ ಗಳಿಗೆಯಲ್ಲಾದರೂ ದನಿ ಬದಲಿಸಿಬಿಡಬಹುದು ಅಂತ ನಾನು ಕಾಯುತ್ತಿದ್ದೆ. ಎರಡು ಸಿನಿಮಾಗಳನ್ನೂ ನಿರ್ದೇಶಿಸಿದವರು ಒಬ್ಬರೇ, ವಿಜಯ್. ‘ಗಂಧದ ಗುಡಿ’, ‘ಮಯೂರ’ ಮಾಡಿದವರು. ನಮ್ಮ ಪೀಳಿಗೆಯ ಮಕ್ಕಳ ನಿದ್ದೆಯ ಮೇಲೆ ಅವರಿಗಿದ್ದಷ್ಟು ಅಧಿಕಾರ ಇನ್ನಾರಿಗೂ ಇರಲಿಲ್ಲ ಅಂತ ನನ್ನ ಲೆಕ್ಕ.

ಯಾಕೆಂದರೆ ‘ಭಕ್ತ ಪ್ರಹ್ಲಾದ’ ದೇವರ ಸಿನಿಮಾ ಅಂತಲೇ ಎಲ್ಲರೂ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಹಿರಣ್ಯಕಶಿಪುವಾಗಿ ರಾಜ್‌ಕುಮಾರ್. ಪ್ರಹ್ಲಾದನಾಗಿ ಅವರ ಸ್ವಂತ ಮಗ, ಆಗ ಮಾಸ್ಟರ್ ಲೋಹಿತ್ ಆಗಿದ್ದ ಪುನೀತ್. ಅವರಿಬ್ಬರು ನಿಜವಾಗಿಯೂ ಅಪ್ಪ ಮಗ ಅನ್ನುವುದು ಟೆಂಟಿನಲ್ಲಿದ್ದ ಪ್ರತಿ ಮಗುವಿಗೂ ಗೊತ್ತಿತ್ತು. ನಮ್ಮ ಸಂಕಟ ಇದ್ದದ್ದು ಅಲ್ಲೇ. ಕಾಮಿನಿಯ ಪ್ರೇತ ಎಷ್ಟೇ ಆಗಲಿ ಹೊರಗಿನಿಂದ ಬಂದದ್ದು. ಇಲ್ಲಿ ಅಪ್ಪನೇ, ಅದೂ ಕನ್ನಡ ನಾಡಿಗೆಲ್ಲ ಅಣ್ಣನಾದ ಆ ಅಪ್ಪನೇ, ಮಗನನ್ನು ಕೊಲ್ಲಲು ಆಜ್ಞೆ ಮಾಡುತ್ತಿದ್ದ. ಆ ದನಿ ಏರಿದಾಗ ನೆಲದಲ್ಲಿ ಕೂತ ಸಣ್ಣ ಮಕ್ಕಳು ಒಂದೊಂದಾಗಿ ಅಳತೊಡಗಿದವು. ಪರದೆಯ ಮೇಲೆ ಒಬ್ಬ ಹುಡುಗನಿಗೆ ಮಾತ್ರ ಭಯವಿರಲಿಲ್ಲ. ಅವನು ಪಡಬೇಕಾದ ಭಯವನ್ನೆಲ್ಲ ಕೆಳಗೆ ಕೂತ ನಾವು ಅವನ ಪರವಾಗಿ ಪಟ್ಟೆವು. ಕಂಬ ಒಡೆದು ನರಸಿಂಹ ಬಂದಾಗ ಅಮ್ಮಂದಿರು ಮಕ್ಕಳ ಕಣ್ಣು ಮುಚ್ಚಿದರು. ನನಗೆ ಮಾತ್ರ ಅಲ್ಲಿಗೆ ಜೀವ ಬಂತು. ಪುನೀತ್ 2021ರಲ್ಲಿ ಹೋದ ಮೇಲೆ ಆ ಸಿನಿಮಾವನ್ನು ಟಿ.ವಿ.ಯಲ್ಲಿ ಹಾಕಿದರು. ಕೂತು ನೋಡಲು ನನ್ನಿಂದಾಗಲಿಲ್ಲ.

ಮಕ್ಕಳು ಯಾವುದಕ್ಕೆ ಹೆದರುತ್ತಾರೆ ಅನ್ನುವುದು ದೊಡ್ಡವರ ಅಂದಾಜಿಗೆ ಸಿಗುವುದಿಲ್ಲ. ನನ್ನ ಚಿಕ್ಕಮ್ಮನ ಮಗನಿಗೆ ದೆವ್ವದ ಸಿನಿಮಾ ನೋಡಿದರೆ ಏನೂ ಆಗುತ್ತಿರಲಿಲ್ಲ. ಅವನು ಜ್ವರ ಬರಿಸಿಕೊಂಡದ್ದು ‘ಸತ್ಯ ಹರಿಶ್ಚಂದ್ರ’ ನೋಡಿ. 1965ರ ಹಳೇ ಸಿನಿಮಾ ಅದು, ಕಪ್ಪು ಬಿಳುಪಿನದು, ಜಾತ್ರೆಯ ಸಮಯದಲ್ಲಿ ಮತ್ತೆ ಮತ್ತೆ ತರುತ್ತಿದ್ದರು. ವೀರಬಾಹುವಿನ ವೇಷದ ಎಂ.ಪಿ. ಶಂಕರ್ ಅವರನ್ನು ನೋಡಿ ಹೆದರಿದ್ದಾನೆ ಅಂತ ಮನೆಯವರೆಲ್ಲ ತಿಳಿದರು. ಅವನು ಹೆದರಿದ್ದು ಬೇರೆಯದಕ್ಕೆ. ಹಾವು ಕಚ್ಚಿ ಸತ್ತ ಮಗನನ್ನು ಎತ್ತಿಕೊಂಡು ಅಮ್ಮ ಸ್ಮಶಾನಕ್ಕೆ ಬರುತ್ತಾಳೆ. ಸುಡಲು ಸುಂಕ ಕೊಡು ಅಂತ ಕಾವಲುಗಾರ ಕೇಳುತ್ತಾನೆ. ಆ ಕಾವಲುಗಾರ ಹುಡುಗನ ಅಪ್ಪ. ‘ಅಪ್ಪಂಗೆ ಯಾಕೆ ಗುರ್ತು ಸಿಗ್ಲಿಲ್ಲ?’ ಅಂತ ಅವನು ಮೂರು ರಾತ್ರಿ ಕೇಳಿದ. ಚಿಕ್ಕಮ್ಮನ ಗಂಡ ಆಗ ದೂರದ ಊರಿನಲ್ಲಿ ಕೆಲಸದಲ್ಲಿದ್ದು ಹಬ್ಬಕ್ಕೆ ಹಬ್ಬಕ್ಕೆ ಬರುತ್ತಿದ್ದರು. ಮುಂದಿನ ಹಬ್ಬಕ್ಕೆ ಬಂದಾಗ ಹುಡುಗ ಬಾಗಿಲಲ್ಲೇ ನಿಂತು ತನ್ನ ಹೆಸರನ್ನು ತಾನೇ ಜೋರಾಗಿ ಹೇಳಿದ.

ಹೆಸರು ಅಂದಾಗ ಗಿರೀಶ ಕಾರ್ನಾಡರ ‘ಕಾಡು’ ನೆನಪಾಗುತ್ತದೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, 1973ರ ಸಿನಿಮಾ. ಕಾಡಿನಲ್ಲಿ ಒಂದು ಹಕ್ಕಿ ಇದೆ, ಅದು ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟವರು ಉಳಿಯುವುದಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಬೆಳೆಯುವ ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದಲೇ ಎಲ್ಲವನ್ನೂ ನಾವು ನೋಡುತ್ತೇವೆ. ಆ ಪಾತ್ರ ಮಾಡಿದ ಜಿ.ಎಸ್. ನಟರಾಜ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಮಕ್ಕಳ ಭಯವನ್ನು ಇಷ್ಟು ಗೌರವದಿಂದ ತೋರಿಸಿದ ಇನ್ನೊಂದು ಕನ್ನಡ ಸಿನಿಮಾ ನಾನು ಕಂಡಿಲ್ಲ. ಕಿಟ್ಟಿ ಹೆದರುವ ಹಕ್ಕಿ ಪರದೆಯ ಮೇಲೆ ಎಲ್ಲೂ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವವರು ಪಂಜು ಹಿಡಿದ ಎರಡು ಊರಿನ ದೊಡ್ಡವರು. ನಾನು ಅದನ್ನು ನೋಡಿದ್ದು ಬೆಳೆದ ಮೇಲೆ, ದೂರದರ್ಶನದಲ್ಲಿ. ನೋಡಿ ಮುಗಿದ ಮೇಲೂ ರಾತ್ರಿ ಯಾರಾದರೂ ಕರೆದರೆ ಮೂರನೇ ಸಲಕ್ಕೇ ಓ ಅನ್ನುತ್ತಿದ್ದೆ. ಅಜ್ಜಿ ಕಲಿಸಿದ್ದೂ ಹಾಗೇ, ಮೊದಲ ಕೂಗಿಗೆ ಓಗೊಡಬಾರದು ಅಂತ. 1990ರ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ದರಲ್ಲ, ಅದೂ ಇದೇ ಭಯ: ಪರಿಚಿತರ ದನಿಯಲ್ಲಿ ಯಾರೋ ಹೊರಗಿನಿಂದ ಕರೆಯುತ್ತಾರೆ ಅಂತ. ಅದೇ ದಶಕದ ಹೊಸ್ತಿಲಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿ ಬರುತ್ತಿತ್ತು. ಅದರ ಶೀರ್ಷಿಕೆ ಹಾಡು ಶುರುವಾದರೆ ಬೀದಿಯ ಮಕ್ಕಳು ಟಿ.ವಿ. ಇದ್ದ ಒಂದೇ ಮನೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ‘ರಂಗಿತರಂಗ’ದಲ್ಲಿ, 2015ರಲ್ಲಿ, ಅದೇ ಹಾಡು ಮತ್ತೆ ಕೇಳಿಸಿದಾಗ ಮಲ್ಟಿಪ್ಲೆಕ್ಸಿನ ಕತ್ತಲಲ್ಲಿ ನಲವತ್ತು ದಾಟಿದವರೆಲ್ಲ ಒಮ್ಮೆಗೇ ಮೈ ಮುದುರಿಕೊಂಡದ್ದನ್ನು ನಾನು ಕಂಡಿದ್ದೇನೆ.

ಮೊನ್ನೆಯ ಸಂಗತಿಗೆ ಬರುತ್ತೇನೆ. ‘ಆಪ್ತಮಿತ್ರ’ ಮುಗಿಯಿತು. ಸೌಂದರ್ಯ ಮಾಡಿದ ಗಂಗಾ ವಾಸಿಯಾದಳು. ಭೂತವೂ ಇಲ್ಲ, ಪ್ರೇತವೂ ಇಲ್ಲ, ಅದು ಮನಸ್ಸಿನ ಕಾಯಿಲೆ ಅಂತ ವಿಷ್ಣುವರ್ಧನ್ ಬಿಡಿಸಿ ಹೇಳಿದರು. ನನಗೆ ಕೊನೆಯ ದೃಶ್ಯಗಳಲ್ಲಿ ಸೌಂದರ್ಯ ಅವರ ನಗುಮುಖ ನೋಡುವುದೇ ಕಷ್ಟ. ಆ ಸಿನಿಮಾ ತೆರೆಗೆ ಬಂದದ್ದು 2004ರ ಆಗಸ್ಟಿನಲ್ಲಿ. ಅದಕ್ಕೆ ನಾಲ್ಕು ತಿಂಗಳ ಮೊದಲೇ, ಏಪ್ರಿಲ್‌ನಲ್ಲಿ, ಅವರು ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ನಾಗವಲ್ಲಿ ಎಂಬ ಪ್ರೇತವಾಗಿ ಕಣ್ಣರಳಿಸಿ ನಿಂತವಳನ್ನು ಥಿಯೇಟರಿನಲ್ಲಿ ಕೂತ ನಾವು ಹೆದರಿಕೆಯಿಂದ ನೋಡಲಿಲ್ಲ, ಬಿಕ್ಕುತ್ತಾ ನೋಡಿದೆವು. ಹುಡುಗಿಗೆ ಇದೊಂದೂ ಗೊತ್ತಿಲ್ಲ. ಅವಳು ಎದ್ದು ಕೂತು, ಕೂದಲು ಸರಿಮಾಡಿಕೊಂಡು ಕೇಳಿದಳು: ‘ವಾಸಿ ಆಯ್ತಲ್ಲ, ಇನ್ನು ಅವಳನ್ನ ಮನೇಲಿ ಯಾರೂ ಬೈಯಲ್ಲ ತಾನೆ?’

ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದಕ್ಕೆ ಉತ್ತರವಾಗಿ ಕನ್ನಡದಲ್ಲಿ ಇನ್ನೊಂದು ಸಿನಿಮಾ ಎಂದೋ ಬಂದಿದೆ. ನಾನು ಚಿಕ್ಕಂದಿನಲ್ಲಿ ನೋಡಿದ್ದರಲ್ಲೆಲ್ಲ ಅದರಷ್ಟು ಹೆದರಿಸಿದ್ದು ಇನ್ನೊಂದಿಲ್ಲ. ಪುಟ್ಟಣ್ಣ ಕಣಗಾಲರ ‘ಶರಪಂಜರ’, 1971. ತ್ರಿವೇಣಿಯವರ ಕಾದಂಬರಿ. ಮನಸ್ಸಿನ ಒಳಗನ್ನು ಕನ್ನಡದಲ್ಲಿ ಅಷ್ಟು ಸೂಕ್ಷ್ಮವಾಗಿ ಬರೆದ ಆ ಹೆಣ್ಣುಮಗಳು 1963ರಲ್ಲೇ ಹೋಗಿದ್ದರು. ಸಿನಿಮಾ ಅವರು ನೋಡಲಿಲ್ಲ. ನಮ್ಮ ಟೆಂಟಿಗೆ ಅದು ಮರುಪ್ರದರ್ಶನಕ್ಕೆ ಬಂದಾಗ ಅದರ ನಾಯಕಿ ಕಲ್ಪನಾ ಕೂಡ ಇರಲಿಲ್ಲ. 1979ರಲ್ಲಿ ಅವರು ಸತ್ತ ಸುದ್ದಿ ಬಂದ ದಿನ ಅಮ್ಮ ಒಲೆ ಹಚ್ಚಿರಲಿಲ್ಲ. ಹಾಗಾಗಿ ಹೆಂಗಸರ ಕಡೆ ಆ ರಾತ್ರಿ ಕಾಲಿಡಲು ಜಾಗವಿರಲಿಲ್ಲ.

ಕಲ್ಪನಾ ಮಾಡಿದ ಕಾವೇರಿಗೆ ಬಾಣಂತನದ ನಂತರ ಬುದ್ಧಿ ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಬೇರೆ ಸಿನಿಮಾಗಳು ಮುಗಿಯುವುದು ಅಲ್ಲಿ; ‘ಶರಪಂಜರ’ ಕಚ್ಚಲು ಶುರುಮಾಡುವುದು ಅಲ್ಲಿಂದ. ಅವಳು ನಕ್ಕರೆ ಮನೆಯವರು ಮುಖ ನೋಡಿಕೊಳ್ಳುತ್ತಾರೆ. ಸುಮ್ಮನಿದ್ದರೂ ನೋಡಿಕೊಳ್ಳುತ್ತಾರೆ. ಅಕ್ಕಪಕ್ಕದವರು ಪಿಸುಗುಟ್ಟುತ್ತಾರೆ. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಎಲ್ಲರೂ ಸೇರಿ ಅವಳನ್ನು ಮತ್ತೆ ಅದೇ ಆಸ್ಪತ್ರೆಯ ದಾರಿಗೆ ನೂಕುತ್ತಾರೆ. ಕಲ್ಪನಾ ಅವರ ಆ ಕೊನೆಯ ನಗು, ಅಳು, ಆ ಕಣ್ಣು! ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳುವಂಥ ದೃಶ್ಯ ಅದರಲ್ಲಿ ಯಾವುದು ಇತ್ತು? ರಕ್ತವಿಲ್ಲ, ಹೊಗೆಯಿಲ್ಲ, ಬಿಳಿ ಸೀರೆ ಹಾರಿಬರಲಿಲ್ಲ. ಕಾಫಿ ಲೋಟ, ಜಗಲಿ, ಕನ್ನಡಿ, ನಮ್ಮ ಮನೆಯಂಥದೇ ಮನೆ. ಕಾಮಿನಿಯ ಪ್ರೇತಕ್ಕೆ ಮಂತ್ರಾಲಯವಿತ್ತು. ಹಿರಣ್ಯಕಶಿಪುವಿಗೆ ನರಸಿಂಹನಿದ್ದ. ಹರಿಶ್ಚಂದ್ರನ ಮಗನನ್ನು ದೇವರೇ ಬದುಕಿಸಿಕೊಟ್ಟ. ಕಾವೇರಿಯ ಮನೆಯವರನ್ನು ಬಿಡಿಸುವವರು ಯಾರೂ ಬರಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಯಾರೂ ಹುಣಸೆಮರದ ಕಡೆ ತಿರುಗಿ ನೋಡಲಿಲ್ಲ. ನಾನು ಹೆದರಿದ್ದು ನಮ್ಮ ಬೀದಿಗೆ ತಿರುಗಿದ ಮೇಲೆ. ಯಾಕೆಂದರೆ ನಮ್ಮ ಸಾಲಿನಲ್ಲೇ, ಮೂರು ಮನೆಯಾಚೆ, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ವಾಸಿಯಾಗಿ ಬಂದ ಒಬ್ಬರಿದ್ದರು. ನಾವು ಮಕ್ಕಳು ಅವರನ್ನು ಅತ್ತೆ ಅಂತ ಕರೆಯುತ್ತಿದ್ದೆವು, ಆಸ್ಪತ್ರೆಗೆ ಹೋಗುವ ಮುಂಚೆ. ಬಂದ ಮೇಲೆ ಅವರು ಬಾಗಿಲಿಗೆ ಬಂದರೆ ಚೌಕಾಬಾರಾ ಅರ್ಧಕ್ಕೆ ಬಿಟ್ಟು ಒಳಗೆ ಓಡುತ್ತಿದ್ದೆವು. ಓಡಿಬನ್ನಿ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರು ಮುಖ ನೋಡಿಕೊಳ್ಳುವುದನ್ನು ಕಂಡಿದ್ದೆವು, ಸಾಕಾಗಿತ್ತು.

ಆ ವರ್ಷ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟ ಅಮ್ಮ ಅವರ ಮನೆಯ ಮೆಟ್ಟಿಲನ್ನೂ ಹತ್ತಿದರು. ಅಜ್ಜಿಗೆ ಗೊತ್ತಾಗಿ ಗಾಬರಿಯಾಯಿತು. ‘ಅವಳನ್ನ ಯಾಕೆ ಕರೆದೆಯೇ? ಹಬ್ಬದ ದಿನ ಎಲ್ಲರ ಮುಂದೆ ಏನಾದ್ರೂ ಮಾಡ್ಕೊಂಡ್ರೆ?’

‘ಏನ್ಮಾಡ್ಕೋತಾರೆ ಅತ್ತೆ? ಬಂದು ಹೂವು ಮುಡ್ಕೊಂಡು ಹೋಗ್ತಾರೆ’ ಅಂದರು ಅಮ್ಮ.

ಬಂದರು. ಹೂವು ಮುಡಿದುಕೊಂಡರು. ಹೂರಣ ಹದವಾಗಿದೆ ಅಂದರು, ಬೇಳೆ ಎಲ್ಲಿಯದು ಅಂತ ಕೇಳಿದರು. ನನ್ನನ್ನು ಕರೆದು ಈಗ ಎಷ್ಟನೇ ಕ್ಲಾಸು ಅಂದರು. ಹೇಳಿದೆ. ಆವತ್ತಿನಿಂದ ಅಮ್ಮ ಸಂಜೆಯ ಹೊತ್ತು ನನ್ನ ಕೈಗೆ ಬಟ್ಟಲು ಕೊಟ್ಟು, ಹೋಗಿ ಅತ್ತೆಯ ಹತ್ತಿರ ಹೆಪ್ಪಿಗೆ ಒಂದು ಚಮಚ ಮೊಸರು ಇಸ್ಕೊಂಡು ಬಾ ಅಂತ ಕಳಿಸತೊಡಗಿದರು. ನಮ್ಮ ಮನೆಯಲ್ಲಿ ಮೊಸರು ಇದ್ದ ದಿನವೂ ಕಳಿಸುತ್ತಿದ್ದರು.